ಬಿಚ್ಚದ ಬೆರಳು

"ಬಿಚ್ಚಿ," ಎಂದಳು ಅವಳು.

"ಬಿಚ್ಚಿದೀನಲ್ಲ ಮೇಡಂ."

"ಇದನ್ನ ಬಿಚ್ಚೋದು ಅಂತಾರಾ? ಕಡಲೆಬೀಜ ಹಿಡ್ಕೊಂಡಿರೋ ಮುಷ್ಟಿ ಇದು."

ಬೇಕರಿಯವನು ನಕ್ಕ. ಅವನು ನಕ್ಕರೆ ಫಿಸಿಯೋಥೆರಪಿಯ ಆ ಪುಟ್ಟ ಕೋಣೆಗೆ ಇನ್ನೊಂದು ಕಿಟಕಿ ಇಟ್ಟ ಹಾಗಾಗುತ್ತಿತ್ತು. ಅವಳ ಕಷ್ಟವೇ ಅದು. ಓವನ್ನಿನ ಬಿಸಿ ಟ್ರೇ ಹಿಡಿದು ಬಲ ಅಂಗೈ ಸುಟ್ಟುಕೊಂಡವನು. ಗಾಯವೇನೋ ಮಾಗಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

ಯಾಕೆ ಹೀಗೆ ಎಂದು ಮೊದಲ ದಿನವೇ ಕೇಳಿದ್ದ. ಅವಳು ಅಂಗೈಗೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತಾ ವಿವರಿಸಿದ್ದಳು.

"ಸುಟ್ಟ ಜೀವಕೋಶಗಳು ಸಿಗ್ನಲ್ ಕಳಿಸ್ತವೆ. ರಕ್ತದಲ್ಲಿರೋ ಕಾವಲು ಕೋಶಗಳು ಸಹಾಯಕ್ಕೆ ಓಡಿ ಬರ್ತವೆ. ಊತ, ಉರಿ, ಕೆಂಪು ಎಲ್ಲ ಅದರಿಂದ್ಲೇ. ಆಮೇಲೆ ಇನ್ನೊಂದು ಸಿಗ್ನಲ್, ಎಳೆ ನೇಯೋ ಕೋಶಗಳಿಗೆ, ಗಾಯ ಮುಚ್ಚಿ ಅಂತ. ಮುಚ್ಚಿದ ಮೇಲೂ 'ಸಾಕು' ಅನ್ನೋದು ಅವಕ್ಕೆ ತಲುಪದಿದ್ರೆ ನೇಯ್ತಾನೇ ಇರ್ತವೆ, ನೇಯ್ದದ್ದನ್ನ ಎಳೀತಾನೇ ಇರ್ತವೆ. ಕಲೆ ದಪ್ಪ ಆಗತ್ತೆ, ಬೆರಳು ಮಡಚ್ಕೊಳ್ಳತ್ತೆ."

"ಮದುವೆ ಮುಗಿದ್ರೂ ಮನೆಗೆ ಹೋಗದ ನೆಂಟರು ಅನ್ನಿ."

"ಹೂಂ. ಅವರನ್ನ ನಯವಾಗಿ ಸಾಗಹಾಕೋದೇ ನನ್ನ ಕೆಲಸ."

ಈಗ ಕಲೆಯ ಕೆಂಪು ಮಾಸಿತ್ತು, ಚರ್ಮ ಮೆತ್ತಗಾಗಿತ್ತು. ಬೆರಳು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಅವನು ಹೋದ ಮೇಲೆ ಸರ್ಜನ್ ಮೇಡಂ ಬಂದು, "ನಾಳೆ ನಾನೇ ನೋಡ್ತೀನಿ. ಬಿಚ್ಚದಿದ್ರೆ ಕೊಯ್ದು ಬಿಡಿಸಬೇಕು ಕಣಮ್ಮ," ಎಂದರು.

ಮತ್ತೆ ಗಾಯ, ಮತ್ತೆ ಸಿಗ್ನಲ್, ಮತ್ತೆ ಮೊದಲಿಂದ. ಅವಳಿಗೆ ಸಂಕಟವಾಯಿತು. ತನ್ನ ಕೈಗುಣವೇ ಕೆಟ್ಟಿತೇ? ಆ ಅಂಗೈಗೆ ಕತ್ತಿ ತಾಗುವುದನ್ನು ಅವಳು ಸಹಿಸಲಾರಳು. ಅದಕ್ಕೆ ಕಾರಣ ಫಿಸಿಯೋಥೆರಪಿ ಅಲ್ಲ ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಅವನು ಬೇಕರಿಯಿಂದ ನೇರ ಬಂದ. ಬ್ಯಾಗನ್ನು ಹುಕ್ಕಿಗೆ ತಗುಲಿಸಲು ಅತ್ತ ತಿರುಗಿದ.

ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಕಪ್ಪು ಪ್ಯಾಂಟಿನ ಬಲ ಹಿಂಬದಿಯಲ್ಲಿ ಮೈದಾಹಿಟ್ಟಿನ ಅಂಗೈ ಗುರುತು. ಐದೂ ಬೆರಳು ಅಗಲವಾಗಿ, ಮಕ್ಕಳು ಗೋಡೆಗೆ ಬಣ್ಣದ ಕೈ ಒತ್ತಿದ ಹಾಗೆ.

"ಪ್ಯಾಂಟಿಗೆ ಹಿಟ್ಟು ಮೆತ್ತಿದೆ," ಎಂದಳು.

"ಅಯ್ಯೋ, ಎಲ್ಲಿ?" ಅವನು ಬಲಗೈಯಿಂದ ಪಟಪಟನೆ ಕೊಡವಿಕೊಂಡ. ಪೂರ್ತಿ ಬಿಚ್ಚಿದ ಬಲಗೈ. ಅರ್ಧಕ್ಕೇ ನಿಂತ. ಬೆಳ್ಳಗಾದ ಅಂಗೈ ನೋಡಿದ, ಅವಳನ್ನು ನೋಡಿದ, ಮೆಲ್ಲಗೆ ಒಂದೊಂದೇ ಬೆರಳು ಮಡಚತೊಡಗಿದ.

"ಸಾಕು ನಾಟಕ! ಎಷ್ಟು ದಿನದಿಂದ?"

"ತಿಂಗಳಾಯ್ತು."

"ಸರ್ಜನ್ ಮೇಡಂ ನಿಮ್ಮ ಕೈ ಕೊಯ್ಯೋ ಮಾತಾಡ್ತಿದಾರೆ! ನನ್ನಲ್ಲೇ ಏನೋ ಐಬಿದೆ ಅಂತ ನಿನ್ನೆಯಿಂದ ನಂಗೆ ಅನ್ನ ನೀರು ಸೇರ್ತಿಲ್ಲ!" ಅವಳ ದನಿ ಒಡೆಯಿತು.

ಅವನ ಮುಖ ಬಿಳಿಚಿಕೊಂಡಿತು. "ನಿಮಗಿಷ್ಟು ನೋವಾಗತ್ತೆ ಅಂತ ಗೊತ್ತಿದ್ರೆ ಅವತ್ತೇ ಬಿಚ್ತಿದ್ದೆ. ತಪ್ಪಾಯ್ತು. ಬಿಚ್ಚಿದ್ರೆ ಇನ್ನು ಬರಬೇಡಿ ಅಂತೀರಲ್ಲ ಅಂತ... ನೆಂಟರೆಲ್ಲ ಎಂದೋ ಹೋದ್ರು ಮೇಡಂ, ನಾನೊಬ್ಬನೇ ಉಳ್ಕೊಂಡೆ. ನಮ್ಮಕ್ಕ ದಿನಾ ಬೈತಾಳೆ, ಬಾಯಿಬಿಟ್ಟು ಹೇಳೋಕೇನು ದಾಡಿ ಅಂತ."

"ಹೇಳಿ ಮತ್ತೆ."

"ನೀವಂದ್ರೆ ನಂಗೆ ಪ್ರಾಣ."

ಅವಳು ಕಣ್ಣೊರೆಸಿಕೊಂಡಳು. ಸಿಟ್ಟು ಇನ್ನೂ ಇತ್ತು, ಆದರೆ ನಗು ಅದನ್ನು ತಳ್ಳಿಕೊಂಡು ಮುಂದೆ ಬಂದಿತ್ತು.

"ಇನ್ನು ಇಲ್ಲಿಗೆ ಬರಬೇಡಿ," ಎಂದಳು.

ಅವನ ಮುಖ ಚಿಕ್ಕದಾಯಿತು.

"ನಾನೇ ಬೇಕರಿಗೆ ಬರ್ತೀನಿ. ನಿಮ್ಮಕ್ಕನ್ನೂ ನೋಡ್ಬೇಕು."

ಸ್ವಲ್ಪ ಹೊತ್ತಿಗೆ ಸರ್ಜನ್ ಮೇಡಂ ಬಾಗಿಲಲ್ಲಿ ಇಣುಕಿದರು. ಅವನು ದೂರದ ಕುರ್ಚಿಯಲ್ಲಿ ಸಭ್ಯನ ಹಾಗೆ ಕೂತಿದ್ದ. ಅವಳು ಬಾಗಿಲಿಗೆ ಬೆನ್ನು ಹಾಕಿ ಎಣ್ಣೆ ಬಾಟಲಿ ಎತ್ತಿಡುತ್ತಿದ್ದಳು.

"ಏನಮ್ಮಾ, ಆ ಕೈ ಬಿಚ್ಚಿತಾ?"

"ಬಿಚ್ಚಿದೆ ಮೇಡಂ. ಪೂರ್ತಿ."

ಅವರು ಅವಳ ನೀಲಿ ಕೋಟಿನ ಬೆನ್ನನ್ನೇ ಒಂದು ಗಳಿಗೆ ನೋಡಿದರು.

"ಹೌದು ಕಣಮ್ಮ. ಐದೂ ಬೆರಳು ಕಾಣಿಸ್ತಿದೆ."