ಒಂದು ಹಿಡಿ ಸವಳುಪ್ಪು

ಮೂಡಣ ಹೆಬ್ಬಾಗಿಲ ಹೊಂಗಲಶಗಳ ಮೇಲೆ ಎಳಬಿಸಿಲು ಹರಿದು, ರಾಜಬೀದಿಯಲ್ಲಿ ಮಲ್ಲಿಗೆಯೂ ಕಸ್ತೂರಿಯೂ ಪೀತಾಂಬರಗಳೂ ರಾಶಿಗೊಂಡು ಮೆರೆಯುತ್ತಿದ್ದ ಆ ಹೊತ್ತಿನಲ್ಲಿ, ತಾರಾಗಿರಿ ರಾಜಧಾನಿಯ ಉಪ್ಪಿನ ಕೇರಿಯೊಂದು ಮಾತ್ರ ಕದ ತೆರೆದಿರಲಿಲ್ಲ. ಪರಂಗಿಗಳು ತಮ್ಮತಮ್ಮೊಳಗೇ ಕಾದಾಡಿ ಪಡುವಣ ರೇವನ್ನು ಮುಚ್ಚಿದ್ದರು. ಇದ್ದಬದ್ದ ಕಡಲುಪ್ಪು ಮಹಾರಾಣಿಯ ತಮ್ಮ, ರೇವಿನ ಗುತ್ತಿಗೆ ಹಿಡಿದ ಕೆಂಚರಾಜನ ಉಗ್ರಾಣದಲ್ಲಿ ಬೆಲೆಯೇರುವುದನ್ನು ಕಾಯುತ್ತ ಬಿದ್ದಿತ್ತು.

ಇಂಥದೊಂದು ದಿನ ಬಂದೀತೆಂದು ಮುಂಗಂಡಿದ್ದವನು ವೃದ್ಧಮಂತ್ರಿ ತಿಪ್ಪರಸಯ್ಯನೊಬ್ಬನೇ. ಸವಳು ಮಣ್ಣನ್ನು ಗುಡ್ಡೆಹಾಕಿ, ನೀರೆರೆದು ಉಪ್ಪು ಬಸಿಯುವ ಮೋಳೆಗಳನ್ನು ಅವನು ಉಪ್ಪಾರರಿಂದ ಕಟ್ಟಿಸಿದ್ದ; ಹಗೆಗಳೆನಿಸಿದ್ದ ನೆರೆಯ ನಾಯಕರ ಮನೆಬಾಗಿಲಿಗೆ ತಾನೇ ನಡೆದು, ಉಪ್ಪಿಗೆ ಎಣ್ಣೆ, ಎಣ್ಣೆಗೆ ಕಬ್ಬಿಣವೆಂಬ ಕೊಡುಕೊಳ್ಳುವಿಕೆಯನ್ನು ಕುದುರಿಸಿದ್ದ. ಆ ಉಪ್ಪು ತುಸು ಕಹಿ. ಆ ಕಹಿಯೇ ಕೆಂಚರಾಜನಿಗೆ ಆಯುಧವಾಯಿತು.

"ಮಹಾಪ್ರಭು," ಎಂದನವನು ತುಂಬಿದ ಆಸ್ಥಾನದಲ್ಲಿ, "ನಿನ್ನೆಯ ಆರೋಗಣೆಯಲ್ಲಿ ಸನ್ನಿಧಾನದ ನಾಲಗೆಗೆ ತಗುಲಿದ ಕಹಿ ಉಪ್ಪಿನದಲ್ಲ, ವಿಷದ್ದು. ಹಗೆಗಳು ಮಂತ್ರಿವರ್ಯರ ಮೋಳೆಗಳ ಮೂಲಕ ಅದನ್ನು ಅಟ್ಟಿದ್ದಾರೆ. ಮೋಳೆಗಳನ್ನು ಒಡೆಸಬೇಕು, ಈ ಉಪ್ಪಾರನ ತಲೆ ಹೋಗಬೇಕು."

ಸಂಕೋಲೆಯಲ್ಲಿ ನಿಂತಿದ್ದ ಉಪ್ಪಾರರ ಯಜಮಾನ ಓಬಳ ಗೊಣಗಿದ: "ಕಹಿ ಇರೋದು ದಿಟ, ಬುದ್ಧೀ. ಆದರೆ ವಿಷ ಬೆರೆಸಿ ಮಾರೋಕೆ, ವಿಷವೇನು ಪುಕ್ಕಟೆ ಸಿಕ್ತದಾ?"

ಸಭೆ ನಕ್ಕಿತು, ಅರಸನು ನಗಲಿಲ್ಲ.

ತಿಪ್ಪರಸಯ್ಯ ಕೈಮುಗಿದ. "ಪ್ರಭು, ಒಂದೇ ಬಾವಿಯನ್ನು ನೆಚ್ಚಿದ ಊರಿಗೆ ಆ ಬಾವಿಯ ಒಡೆಯನೇ ಅರಸ. ಮಳೆಗಾಲ ಮುಂದಿದೆ. ಮೋಳೆ ಒಡೆದರೆ ಬಡವರ ಗಂಜಿಗೆ ಉಪ್ಪಿಲ್ಲ."

"ಹಾಗಾದರೆ ತಾವೇ ತಿಂದು ತೋರಿಸಬಹುದಲ್ಲ, ಅಯ್ಯನವರೇ? ಗಂಟಲಿಗಿಳಿಯದೋ?" ಎಂದು ಕೆಂಚರಾಜ ತಾನೇ ತಂದಿದ್ದ, ಸವಳುಪ್ಪು ತುಂಬಿದ ಬೆಳ್ಳಿಯ ಬಟ್ಟಲನ್ನು ಮುಂದೆ ಚಾಚಿದ.

"ತಿನ್ನಿ, ತಿಪ್ಪರಸಯ್ಯ," ಎಂದ ಅರಸ. "ನಿಮಗೇನೂ ಆಗದಿದ್ದರೆ ಮೋಳೆಗಳೂ ಉಳಿದಾವು, ಇವನೂ ಉಳಿದಾನು."

ಮಂತ್ರಿ ಒಂದು ಹಿಡಿ ಬಾಯಿಗಿಟ್ಟ. ಮೊದಲು ಬಂದದ್ದು ಪರಿಚಿತವಾದ ಕಹಿ. ಅದರ ಬೆನ್ನಿಗೇ ತುಟಿ ಚುರುಗುಟ್ಟಿತು, ನಾಲಗೆ ಮರಗಟ್ಟಿತು. ಯೌವನದಲ್ಲಿ ಅರಮನೆಯ ಅಡುಗೆಯನ್ನು ಪರೀಕ್ಷಿಸುವ ಊಳಿಗದಲ್ಲಿದ್ದವನಿಗೆ ವತ್ಸನಾಭಿಯೆಂಬ ಬೇರಿನ ವಿಷದ ಗುರುತು ಹತ್ತದಿರಲಿಲ್ಲ. ಉಗುಳಿದರೆ ತಾನು ಬದುಕುವನು. ಆದರೆ ಉಪ್ಪಿನಲ್ಲಿ ವಿಷವಿದೆಯೆಂದು ತನ್ನ ಬಾಯೇ ಸಾರಿದಂತಾಗುವುದು. ಕೆಂಚರಾಜ ಆ ಉಗುಳಿಗಾಗಿಯೇ ಕಾದು ನಿಂತಿದ್ದ.

ಮಂತ್ರಿ ನುಂಗಿದ.

"ಬರಿಯ ಕಹಿ, ಪ್ರಭು," ಎಂದ, ತೊದಲು ಕೇಳಿಸದಂತೆ ಒಂದೊಂದೇ ಅಕ್ಷರವನ್ನು ಊರಿ. ರಾಜಾಜ್ಞೆ ಹೊರಟು, ಓಬಳನ ಸಂಕೋಲೆ ಕಳಚುವವರೆಗೂ ಕಂಬಕ್ಕೊರಗಿ ನಿಂತ. ಬಳಿಕ ಸ್ನಾನದ ನೆವ ಹೇಳಿ ಹೊಳೆಗೆ ನಡೆದವನು, ವಿಷದ ಗುರುತು ಮೈಮೇಲೆ ಮೂಡುವ ಮುನ್ನವೇ ಮಡುವಿಗಿಳಿದುಬಿಟ್ಟ. ಮುದುಕ ಕಾಲುಜಾರಿದನೆಂದು ಊರು ಮರುಗಿತು. ಬಾಯಿ ಬಿಟ್ಟರೆ ಬಟ್ಟಲಿನ ಗುಟ್ಟೂ ಹೊರಬೀಳುವುದೆಂದು ಕೆಂಚರಾಜ ಸುಮ್ಮನಿದ್ದ.

ಆ ಮಳೆಗಾಲ ರೇವು ತೆರೆಯಲೇ ಇಲ್ಲ. ನಾಡೆಲ್ಲ ಸವಳುಪ್ಪಿನಲ್ಲೇ ಉಂಡಿತು. ಒಂದು ದಿನ ಎಲೆಯ ತುದಿಯ ಉಪ್ಪನ್ನು ನಾಲಗೆಗೆ ತಾಗಿಸಿ ಅರಸ ಮುಖ ಕಿವುಚಿದ: "ಥೂ! ಈ ಕಹಿಯನ್ನಾದರೂ ಕಳೆದು ಸಾಯಬಾರದಿತ್ತೇ ಆ ಮುದುಕ?"

ಪಂಕ್ತಿ ನಕ್ಕಿತು. ಪಕ್ಕದ ಎಲೆಯಲ್ಲಿದ್ದ ಕೆಂಚರಾಜ, ಈಗ ಮೋಳೆಗಳಿಗೂ ಅವನೇ ಅಧಿಕಾರಿ, ಬಡಿಸಿದ ಉಪ್ಪನ್ನು ಬೆರಳಿನಿಂದ ಅಂಚಿಗೆ ಸರಿಸಿ, ಸಪ್ಪೆ ಅನ್ನವನ್ನೇ ಉಣ್ಣತೊಡಗಿದ.