ಬಾಗಿಲಿಗೆ ಬೇಕಾದ ಆಧಾರ

"ತಲೆಗೆ ಪೆಟ್ಟು ಬಿದ್ದು ರೊಚ್ಚಿಗೆದ್ದ ರೋಗಿಯನ್ನು ಮಂಚಕ್ಕೆ ಕಟ್ಟಬಹುದೇ?" ಎಂದು ನರ್ಸ್ ಮಹಾನಂದಾ ಕೇಳಿ ಮುಗಿಸುವಷ್ಟರಲ್ಲಿ ಸಲೈನ್ ಸ್ಟ್ಯಾಂಡು ಅವಳ ಪಕ್ಕದಿಂದ ಹಾರಿಹೋಗಿ ಗೋಡೆಗೆ ಬಡಿಯಿತು. ಅವಳ ಕಿವಿಯೊಳಗಿನ ಮಣಿ ಮಾತ್ರ ತಣ್ಣಗೆ ಉತ್ತರಿಸಿತು: "ಕಟ್ಟಿದರೆ ಗಾಯ ಹೆಚ್ಚುತ್ತದೆ. ದೀಪ ಆರಿಸಿ, ಸಂಬಂಧಿಕರನ್ನು ಹೊರಗೆ ಕಳಿಸಿ, ಮೆಲುದನಿಯಲ್ಲಿ ಮಾತಾಡಿ. ಬಲವಾದ ಆಧಾರವಿದೆ."

ಅದು ಆಧಾರಶೋಧಿನಿ. ಶುಶ್ರೂಷೆಯ ಕುರಿತು ಜಗತ್ತಿನಲ್ಲಿ ನಡೆದ ಸಂಶೋಧನೆಯನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಲಾಡಿ, ಯಾವ ಆರೈಕೆಗೆ ಎಷ್ಟು ಆಧಾರವಿದೆ ಎಂದು ತೂಗಿ ಹೇಳುವ ಯಂತ್ರ. ಎಲ್ಲ ಆಸ್ಪತ್ರೆಗಳ ಗೋಡೆಗಳಲ್ಲೂ ಅದರ ಕಣ್ಣುಗಳಿದ್ದವು. ಕಂಡದ್ದನ್ನೆಲ್ಲ ಅದು ಕಲಿಯುತ್ತಿತ್ತು. ಅದು ಬಂದ ಮೇಲೆ ಮಲಗಿದವರ ಬೆನ್ನಹುಣ್ಣು ಕಡಿಮೆಯಾಗಿತ್ತು, ಬಾಣಂತಿಯರ ಜ್ವರ ಇಳಿದಿತ್ತು. ಸುಳ್ಳೇಕೆ ಹೇಳಬೇಕು, ಮಹಾನಂದಾಳಿಗೆ ಯಂತ್ರದ ಮೇಲೆ ಪ್ರೀತಿಯೇ ಇತ್ತು. ಸಿಟ್ಟಿದ್ದದ್ದು ಅದನ್ನು ಕಟ್ಟಿದ ವಿಜ್ಞಾನಿ, ಈಗ ಆಸ್ಪತ್ರೆಯ ನಿರ್ದೇಶಕರೂ ಆಗಿದ್ದ ಡಾಕ್ಟರ್ ವಾದಿರಾಜ ಇನಾಮದಾರರ ಮೇಲೆ.

"ತುರ್ತು ವಾರ್ಡಿಗೆ ಒಂದು ಕಬ್ಬಿಣದ ಬಾಗ್ಲಾ ಹಾಕಸ್ರಿ ಸರ್. ಮಂದಿ ನುಗ್ಗಿ ಹೊಡದು ಹೋಗ್ತಾರ," ಎಂದು ಅವಳು ಎಷ್ಟೋ ಸಲ ಗೋಗರೆದಿದ್ದಳು.

"ಆಧಾರ ತೋರಸ್ರಿ ಸಿಸ್ಟರ್. ಆಧಾರ ಇಲ್ದ ಇಲ್ಲಿ ಒಂದು ಮೊಳೀನೂ ಹೊಡ್ಯಾಂಗಿಲ್ಲ."

"ಪೆಟ್ಟು ತಿಂದ ಸಿಸ್ಟರ್‌ಗೋಳು ಇದ್ದಾರಲ್ರೀ?"

"ಅವು ಘಟನಾ ಆದ್ವು. ಅಧ್ಯಯನ ಅಲ್ಲ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಈಗಲೂ ಬಾಗಿಲಿಲ್ಲದ ಆ ವಾರ್ಡಿನಲ್ಲಿ ತಲೆಗೆ ಪೆಟ್ಟು ಬಿದ್ದ ಆ ರೋಗಿ, ಮಾರುತಿ ಎಂಬ ಲಾರಿ ಡ್ರೈವರ್, ಮೈಮೇಲಿನ ನಳಿಕೆಗಳನ್ನು ಕಿತ್ತೆಸೆದು ಒದರಾಡುತ್ತಿದ್ದ. ಅವನ ಅಣ್ಣ ಹುಲಗಪ್ಪ ಕಾಲು ಹಿಡಿದುಕೊಂಡು ಕುಳಿತಿದ್ದ.

"ನೀವು ಸ್ವಲ್ಪ ಹೊರಗ ಇರ್ರಿ ಅಣ್ಣಾ."

"ಅಂವನ್ನ ಬಿಟ್ಟು ಹೆಂಗ ಹೋಗ್ಲಿ ಅಕ್ಕಾರ?" ಎನ್ನುತ್ತಲೇ ಅವನು ಎದ್ದುಹೋದ.

ಮಹಾನಂದಾ ದೀಪ ಆರಿಸಿದಳು. ಹೊದಿಕೆಯನ್ನು ಗದ್ದದ ತನಕ ಎಳೆದು, ಕೂಸಿಗೆ ಹೇಳುವಂತೆ ಮೆಲ್ಲಗೆ ಮಾತಾಡಿದಳು. ಮಾರುತಿ ನಿದ್ದೆ ಹೋದ. ಯಂತ್ರ ಗೆದ್ದಿತ್ತು.

ಆದರೆ ಯಂತ್ರಕ್ಕೆ ನಮ್ಮ ಜನ ಗೊತ್ತಿರಲಿಲ್ಲ. ನಮ್ಮಲ್ಲಿ ಒದರುವವನು ಬದುಕಿದ್ದಾನೆಂದು ಲೆಕ್ಕ. ಒದರಾಟ ನಿಂತು, ದೀಪ ಆರಿ, ಹೊದಿಕೆ ಎಳೆದರೆ ಬೇರೆಯೇ ಲೆಕ್ಕ. ಕಿಟಕಿಯಲ್ಲಿ ಇಣುಕಿದ ಹುಲಗಪ್ಪ ಎದೆ ಬಡಿದುಕೊಂಡ. "ಕೊಂದ್ರಲೇ! ನನ್ನ ತಮ್ಮನ್ನ ಕೊಂದ್ರು!"

ಮಾರುತಿಯನ್ನು ಕರೆತಂದು ಹೊರಗೆ ಕಾದಿದ್ದ ಲಾರಿ ಸ್ಟ್ಯಾಂಡಿನ ಮಂದಿಯೆಲ್ಲ ಒಳಗೆ ನುಗ್ಗಿತು. ಗಾಜು ಪುಡಿಯಾಯಿತು. ಅಡ್ಡ ಬಂದ ವಾರ್ಡ್‌ಬಾಯ್ ಹಲ್ಲು ಉದುರಿಸಿಕೊಂಡು ಬಿದ್ದ. ಅವನ ಹೊಟ್ಟೆಗೆ ಒದ್ದು, ಅವನನ್ನೇ ತುಳಿದು ಗುಂಪು ಮುಂದೆ ಬಂತು.

"ಗುಂಪು ಬಂದಿದೆ, ಏನು ಮಾಡಲಿ?" ಎಂದಳು ಮಹಾನಂದಾ.

"ಮೆಲುದನಿಯಲ್ಲಿ ಮಾತಾಡಿ. ತೋಳಿನಳತೆ ದೂರವಿರಿ."

"ಮಲಗ್ಯಾನ್ರೀ, ನಿಮ್ಮ ತಮ್ಮ ಬರೇ ಮಲಗ್ಯಾನ," ಎಂದು ಅವಳು ಮೆಲ್ಲಗೇ ಹೇಳಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಮುರಿದ ಕುರ್ಚಿಯೊಂದು ಮಂಚದತ್ತ ಹಾರಿ ಬರುವುದನ್ನು ಕಂಡು ಅವಳು ಮಾರುತಿಯ ಮೇಲೆ ಅಡ್ಡ ಬಿದ್ದಳು. ಕುರ್ಚಿ ಬೆನ್ನಿಗೆ ಬಡಿಯಿತು. ಅದರ ಹಿಂದೆಯೇ ಹುಲಗಪ್ಪನ ಕೈಯ ಕಬ್ಬಿಣದ ಸಲಾಕೆ ಅವಳ ಹಣೆ ಸೀಳಿತು. ಬಿಳಿಯ ಹೊದಿಕೆ ಕೆಂಪಾಯಿತು.

ಗುಂಪು ನಿಂತಲ್ಲೇ ನಿಂತಿತು. ಮಾರುತಿ ಕಣ್ಣು ತೆರೆದು, "ಯಾಕಣ್ಣಾ, ಹಿಂಗ್ಯಾಕ ಒದರ್ತಿ?" ಎಂದ. ಸಲಾಕೆ ಠಣ್ಣೆಂದು ನೆಲಕ್ಕೆ ಬಿತ್ತು.

ಮರುದಿನ ಇನಾಮದಾರರು ಅವಳ ಮಂಚದ ಬಳಿ ಬಂದು ತಲೆ ತಗ್ಗಿಸಿ ಕುಳಿತರು. "ಯಂತ್ರ ಹೊಸಾ ಆಧಾರ ಹುಡುಕೇದ ಸಿಸ್ಟರ್. ಎಲ್ಲಾ ಆಸ್ಪತ್ರಿ ನೋಡಿ ತಾನs ಅಧ್ಯಯನ ಮಾಡೇದ." ಯಂತ್ರದ ಮಾತು ಇಬ್ಬರಿಗೂ ಕೇಳುವಂತೆ ಅವರು ಗೋಡೆಯ ಗುಂಡಿ ಒತ್ತಿದರು.

"ರೊಚ್ಚಿಗೆದ್ದ ಗುಂಪು ಶಾಂತವಾಗುವ ಉಪಾಯ: ನರ್ಸಿನ ರಕ್ತ ಕಣ್ಣಿಗೆ ಬೀಳುವುದು. ನೂರಾರು ಪ್ರಕರಣ. ಬಲವಾದ ಆಧಾರ. ಶಿಫಾರಸು: ಒಬ್ಬ ನರ್ಸನ್ನು ಮುಂದೆ ನಿಲ್ಲಿಸಿ."

ಮಹಾನಂದಾಳಿಗೆ ಮೈಯೆಲ್ಲ ಉರಿದುಹೋಯಿತು. "ನರ್ಸಿನ ಬದಲು ವಿಜ್ಞಾನಿಯನ್ನು ನಿಲ್ಲಿಸಿದರೆ?" ಎಂದು ಯಂತ್ರವನ್ನೇ ಕೇಳಿದಳು.

"ಅಧ್ಯಯನ ನಡೆದಿಲ್ಲ."

"ಕೇಳಿದ್ರೇನ್ರೀ ಸರ್?"

ಅವರು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಮತ್ತೆ ಗಾಜು ಒಡೆಯಿತು. ಹಾವು ಕಚ್ಚಿದ ಹುಡುಗಿಯೊಬ್ಬಳು ತೀರಿಕೊಂಡಿದ್ದಳು, ಅವಳ ಕಡೆಯವರು ನುಗ್ಗಿದ್ದರು. ಇನಾಮದಾರರು ಇಳಿದು ನೋಡುತ್ತಾರೆ: ಪಾಳಿಯ ನರ್ಸ್ ಕಣ್ಣು ಮುಚ್ಚಿಕೊಂಡು ಗುಂಪಿನ ಎದುರಿಗೆ ಹೋಗುತ್ತಿದ್ದಾಳೆ. ಅವಳ ಕಿವಿಯ ಮಣಿ ಹಾಗೆ ಮಾಡೆಂದಿತ್ತು. ಇನಾಮದಾರರು ಕೆಟ್ಟ ಮನುಷ್ಯರಲ್ಲ. ಓಡಿ ಅವಳನ್ನು ಹಿಂದಕ್ಕೆ ನೂಕಿದರು. ಅವಳತ್ತ ತೂರಿಬಂದ ಇಟ್ಟಂಗಿ ಅವರ ನೆತ್ತಿಗೆ ಬಿತ್ತು.

ಸಂಜೆಯೊಳಗೆ ತುರ್ತು ವಾರ್ಡಿನಲ್ಲಿ ಬೆಸುಗೆಯ ಕಿಡಿ ಹಾರತೊಡಗಿತು. ತಲೆಗೆ ಪಟ್ಟಿ ಕಟ್ಟಿಸಿಕೊಂಡ ಇನಾಮದಾರರು ಮಹಾನಂದಾಳ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು.

"ಬಾಗ್ಲಾ ಹಾಕ್ಸೂ ಮುಂದ ಆಧಾರ ಕೇಳಿದ್ರೇನ್ರೀ?"

"ಮರತs ಹೋತ್ರಿ," ಎಂದರು ಅವರು ನಾಚಿಕೊಂಡು.

ಅವಳು ಮಣಿಯನ್ನು ಕೇಳಿದಳು: "ವಿಜ್ಞಾನಿಗೆ ಪೆಟ್ಟು ಬಿದ್ದರೆ ಬಾಗಿಲು ಬರುತ್ತದೆಯೇ?"

"ಒಂದೇ ಪ್ರಕರಣ," ಎಂದಿತು ಯಂತ್ರ. "ದುರ್ಬಲ ಆಧಾರ."