ಏಳನೇ ಸಹಿ

ಸಿಟ್ಟು ಬಂದರೆ ನನ್ನ ಕಿವಿ ಮೊದಲು ಕೆಂಪಾಗುತ್ತವೆ. ಆ ರವಿವಾರ ಮುಂಜಾನೆ ಪೀರನವಾಡಿಯ ತ್ರಿವೇಣಿಯ ಮನೆ ಬಾಗಿಲಲ್ಲಿ ನಿಂತಾಗ ಎರಡೂ ಕಿವಿ ಕಾದ ಹಂಚಿನಂತಿದ್ದವು.

ಸಿಟ್ಟು ಯಾರ ಮೇಲೆ? ಎಲ್ಲರ ಮೇಲೆ. ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಅರವತ್ತು ಮಂದಿ ಕಬ್ಬಿಣ ಕರಗಿಸಿ ಎರಕ ಹೊಯ್ಯುತ್ತೇವೆ. ಕುಡಿಯುವ ನೀರಿಗೆ ಒಂದೇ ನಳ, ಅದಕ್ಕೂ ಸುಪರ್‌ವೈಸರ್ ಕೀಲಿ ಹಾಕುತ್ತಾನೆ. ಯೂನಿಯನ್ ಕಟ್ಟೋಣ ಎಂದೆ. ಲೇಬರ್ ಆಫೀಸಿನ ಮೇಡಮ್ಮು, "ಏಳು ಮಂದಿ ಸಹಿ ಮಾಡಿಸಿ ಸೋಮವಾರ ಅರ್ಜಿ ತರ್ರಿ" ಎಂದರು. ಏಳಾಗಿದ್ದವು. ಶುಕ್ರವಾರ ಆ ಏಳರಲ್ಲೊಬ್ಬ ಲಕ್ಷ್ಮಣನನ್ನು ಮಾಲಕರು ಒಳಗೆ ಕರೆದು ಚಹಾ ಕುಡಿಸಿದರು. ಹೊರಗೆ ಬಂದವನು ತನ್ನ ಹೆಸರನ್ನು ತಾನೇ ಹೊಡೆದುಹಾಕಿದ. ಒಂದು ಕಪ್ ಚಹಾಕ್ಕೆ! ಬಿಸ್ಕೀಟು ಸಹ ಇರಲಿಲ್ಲವಂತೆ.

ಉಳಿದ ಆರು ಹೆಸರು ಮಾಲಕರಿಗೆ ಗೊತ್ತಾಗಿಬಿಟ್ಟಿದ್ದವು. ಸೋಮವಾರ ಅರ್ಜಿ ಸರಕಾರದ ಕೈ ಸೇರದಿದ್ದರೆ ಮಂಗಳವಾರ ನಮಗೆ ಗೇಟು ಬಂದ್.

ಏಳನೆಯವರು ಯಾರು ಅಂದಾಗ ನನಗೆ ಹೊಳೆದದ್ದು ತ್ರಿವೇಣಿ. ಎರಕದ ಅಚ್ಚಿನೊಳಗೆ ಇಡುವ ಮರಳಿನ ತುಂಡು ಮಾಡುವ ಕೋರ್ ಶಾಪಿನವಳು. ಒಮ್ಮೆ ಸುಪರ್‌ವೈಸರ್ ಫ್ಯಾನ್ ಬಂದ್ ಮಾಡಿದಾಗ, "ಸರ, ಥಂಡಿ ಹತ್ತಿದ್ರ ಭಟ್ಟಿ ಬಾಜುಕ ಕುಂದರ್ರಿ" ಅಂದಿದ್ದಳು. ಆವತ್ತು ಅವಳ ಹುಬ್ಬಿಗೆ ಮರಳಿನ ಕಣ ಅಂಟಿ ಹೊಳೆಯುತ್ತಿತ್ತು. ಎಡ ಹುಬ್ಬು. ಇದನ್ನೆಲ್ಲ ಯಾಕೆ ನೆನಪಿಟ್ಟಿದ್ದೀಯ ಎಂದು ಕೇಳಬೇಡಿ, ಮತ್ತೆ ಸಿಟ್ಟು ಬರುತ್ತದೆ.

ಇನ್ನೊಬ್ಬ ಎಲ್ಲಿ ಚಹಾ ಕುಡಿದಾನೋ ಎಂಬ ಹೆದರಿಕೆಗೆ ಆರೂ ಮಂದಿ ಕೂಡಿಯೇ ಹೋದೆವು. ಹೆಣ್ಣುಮಕ್ಕಳಿರುವ ಮನೆ, ಮರ್ಯಾದೆ ಇರಲಿ ಎಂದು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆವು. ಅಲ್ಲೇ ತಪ್ಪಿದ್ದು.

ಅವಳ ತಾಯಿ ಸತ್ಯವ್ವ ನಮ್ಮನ್ನು ನೋಡಿದ್ದೇ ಸೆರಗು ಸರಿಮಾಡಿಕೊಂಡಳು. "ಬರ್ರಿ, ಬರ್ರಿ! ಖಾನಾಪುರದವ್ರ ಹೌದಲ್ರಿ? ಹನ್ನೊಂದಕ್ಕ ಅಂದಿದ್ರಿ, ಜಲ್ದೀನ ಬಂದ್ರಿ."

ನಮ್ಮೊಳಗೆ ಹಿರಿಯ ಗಜಾನನ ಕಾಕಾ ಖಾನಾಪುರದವರೇ. "ಹೌದ್ರಿ ಅಕ್ಕಾರ, ಮುಂಜಾನಿ ಗಾಡಿಗೆ ಬಂದೆ" ಅಂದರು.

ಹೊಸ ಜಮಖಾನೆ ಹಾಸಿತ್ತು. ಆರು ತಾಟು ಅವಲಕ್ಕಿ ಬಂತು, ಮೇಲೆ ಹಸಿಕೊಬ್ಬರಿ. ದಾರಿಯುದ್ದಕ್ಕೂ ನಾನು ಭಾಷಣ ಕಲಿತು ಬಂದಿದ್ದೆ. ಅವಲಕ್ಕಿ ತುಂಬಿದ ಬಾಯಲ್ಲಿ ಕ್ರಾಂತಿ ಹೊರಡುವುದಿಲ್ಲ.

ತ್ರಿವೇಣಿಯ ಅಪ್ಪ ಬಸಯ್ಯ ಎಲ್ಲರ ಮುಖ ನೋಡಿದರು. "ಇದರಾಗ ಮುಖ್ಯ ಯಾರ್ರಿ?"

"ಇಂವಾ ರೀ, ಬಾಳೇಶ" ಎಂದು ಕಾಕಾ ನನ್ನನ್ನು ಮುಂದೆ ನೂಕಿದರು.

"ಸಾಲಿ ಎಷ್ಟ ಕಲತೀರಿ?"

"ಎಂಟನೆತ್ತಾಕ್ಕ ಬಿಟ್ಟೇನ್ರಿ. ಮಾಸ್ತರ ಸುಮ್‌ಸುಮ್ನ ಹೊಡದ್ರು, ಪಾಟಿಚೀಲ ಅಲ್ಲೇ ಒಗದ ಬಂದೆ."

"ಕುಡ್ಯೂದು ಗಿಡ್ಯೂದು?"

"ಚಹಾ ಸುದ್ದಾ ಬ್ಯಾಡ್ರಿ. ಚಹಾ ಕುಡದ ನಮ್ಮ ಮಂದಿ ಕೆಟ್ಟಾರ."

ಬಸಯ್ಯ ಮೆಚ್ಚಿ ತಲೆದೂಗಿದರು.

ಅಷ್ಟರಲ್ಲಿ ತ್ರಿವೇಣಿ ಚಹಾ ತಂದಳು. ಹಸಿರು ಸೀರೆ, ಮುಡಿಯಲ್ಲಿ ಅಬ್ಬಲಿಗೆ. ನನ್ನನ್ನು ನೋಡಿದಳು. 'ಇವರು ನಮ್ಮ ಫ್ಯಾಕ್ಟರಿಯವರು' ಅನ್ನುತ್ತಾಳೆಂದುಕೊಂಡೆ. ಅನ್ನಲಿಲ್ಲ. ಮಣೆಯ ಮೇಲೆ ಕುಳಿತು ತಲೆ ತಗ್ಗಿಸಿದಳು. ತುಟಿಯ ಒಂದು ತುದಿ ಮಾತ್ರ ನಡುಗುತ್ತಿತ್ತು.

"ಏನ ಕೇಳೂದೈತಿ ಕೇಳ್ರಿ" ಅಂದರು ಬಸಯ್ಯ.

ನಾನು ಫೈಲು ಬಿಚ್ಚಿದೆ. "ಹೆಸರು?"

"ಗೊತ್ತಿಲ್ಲೇನ್ರಿ?"

"ಫಾರ್ಮಿನ್ಯಾಗ ತುಂಬಬೇಕ್ರಿ. ವಯಸ್ಸು?"

"ಇಪ್ಪತ್ನಾಕು."

"ಸರ್ವಿಸು?"

"ಮೂರು ವರ್ಷ. ಅದರಾಗ ಎರಡ ವರ್ಷದಿಂದ ಒಬ್ಬಾಂವ ದಿನಾ ಕೋರ್ ಒಯ್ಯಾಕ ಬರತಾನ, ನೆಲಾ ನೋಡತಾನ, ಹೋಗತಾನ."

ಕಿವಿ ಮತ್ತೆ ಕೆಂಪಾದವು, ಈ ಸಲ ಸಿಟ್ಟಿಗಲ್ಲ. "ಇಲ್ಲೆ ಸಹಿ ಮಾಡ್ರಿ" ಎಂದು ಪೆನ್ನು ಚಾಚಿದೆ.

ಬಸಯ್ಯ ಹೌಹಾರಿದರು. "ಹುಡಿಗಿ ಪಸಂದ ಅನ್ನೂಕಿಂತ ಮೊದಲ ಸಹಿ?"

"ನಾಳೆ ಲೇಬರ್ ಆಫೀಸಿಗೆ ಕೊಡಬೇಕ್ರಿ."

"ಲಗ್ನಕ್ಕ ಲೇಬರ್ ಆಫೀಸು ಯಾಕ್ರಿ?"

"ಲಗ್ನ?" ಗಜಾನನ ಕಾಕಾನ ಚಮಚ ಜಮಖಾನೆಯ ಮೇಲೆ ಬಿತ್ತು.

ಆಗಲೇ ಬಾಗಿಲ ಮುಂದೆ ಕಾರು ನಿಂತಿತು. ಕನ್ಯಾ ನೋಡಲು ಖಾನಾಪುರದಿಂದ ಬರಬೇಕಾದ ನಿಜವಾದ ಮಂದಿ ಇಳಿದರು. ಅವಲಕ್ಕಿ ಒಂದು ಕಾಳೂ ಉಳಿದಿರಲಿಲ್ಲ.

ವಿಷಯ ತಿಳಿದ ವರನ ಸೋದರಮಾವ ಫೈಲಿನ ಕಡೆ ಹೇಸಿಗೆ ನೋಡುವಂತೆ ನೋಡಿದ. "ಯೂನಿಯನ್ನಿಗೆ ಸಹಿ ಮಾಡೂ ಹುಡಿಗಿ ನಮ್ಮ ಮನ್ಯಾಗ ನಡ್ಯೂದಿಲ್ರಿ." ವರ ಫೋನಿನಿಂದ ಮುಖ ಎತ್ತಲಿಲ್ಲ.

"ಬ್ಯಾಡ ಯವ್ವಾ" ಎಂದು ಸತ್ಯವ್ವ ಮಗಳ ತೋಳು ಹಿಡಿದಳು.

ತ್ರಿವೇಣಿ ನನ್ನನ್ನೇ ನೇರ ನೋಡಿದಳು. "ಸಹಿ ಮಾಡಿದ್ದಕ್ಕ ಕೆಲಸದಿಂದ ತಗದ್ರ?"

ಕಲಿತ ಭಾಷಣವೆಲ್ಲ ಮರೆತುಹೋಯಿತು. "ತಗೀಬಾರದು ಅಂತ ಕಾಯದೆ ಐತ್ರಿ. ಯೂನಿಯನ್ ಕಟ್ಟೂದು ನಮ್ಮ ಹಕ್ಕು. ಅದಕ್ಕ ಹೆದರಿಸಿದ್ರ, ತಗದ್ರ, ತಪ್ಪು ಅವರದು, ಸರಕಾರ ಕೇಳತೈತಿ ಅಂದಾರ ಮೇಡಮ್. ಆದ್ರ ಸುಳ್ಳ ಹೇಳೂದಿಲ್ಲ. ಕಾಯದೆ ತಾನ ಎದ್ದ ನಮ್ಮ ಗೇಟಿಗೆ ಬರೂದಿಲ್ಲ. ಹೋಗಿ ಕರೀಬೇಕು. ಅಲ್ಲೀತನಾ ತ್ರಾಸ ಐತಿ."

"ಕರ್ಯಾಕ ಯಾರ ಹೋಗವ್ರು?"

"ನಾನ."

"ನೀವ ಒಬ್ರ ಹೋದ್ರ ಒದರಿ ಕೆಲಸಾ ಕೆಡಸ್ತೀರಿ. ನಾನೂ ಬರತೇನಿ."

ಪೆನ್ನು ತೆಗೆದುಕೊಂಡು, ಮೊಣಕಾಲ ಮೇಲೆ ಫೈಲು ಇಟ್ಟು ನಿಧಾನ ಸಹಿ ಮಾಡಿದಳು. ಕಾರು ಬಂದ ದಾರಿಯಲ್ಲೇ ಹೊರಳಿತು.

ಬಸಯ್ಯ ಖಾಲಿ ತಾಟುಗಳನ್ನು ಒಂದರ ಮೇಲೊಂದು ಇಟ್ಟು ಕೇಳಿದರು: "ಖಾನಾಪುರದವ್ರು ಹೋದ್ರು. ನೀವು ಯಾವಾಗ ಹೋಗತೀರಿ?"

ಸೋಮವಾರ ಮೇಡಮ್ಮು ಏಳೂ ಹೆಸರು ಓದಿ, ಪ್ರತಿಯ ಮೇಲೆ ಠಸ್ಸೆ ಒತ್ತಿ ಕೊಟ್ಟರು. "ಇನ್ನ ಯಾರರೆ ಹೆದರಿಸಿದ್ರ ನನಗ ಬರದ ಕೊಡ್ರಿ." ಉಳಿದ ಐವರು ಕುಣಿಯುತ್ತ ಮಿಸಳ ತಿನ್ನಲು ಹೋದರು. ಬಸ್ ಸ್ಟಾಪಿನಲ್ಲಿ ನಾವಿಬ್ಬರೇ.

"ನಿಮಗ ಬಂದ ವರಾ ನನ್ನಿಂದ ಹೋತು" ಅಂದೆ.

"ಹೋಗ್ಲಿ ಬಿಡ್ರಿ. ಅವಗ ಫೋನಿನ ಸಂಗಾಟ ಲಗ್ನ ಆಗೇತಿ."

"ಇನ್ನೊಂದ ಮಾತು. ಏಳನೇ ಸಹಿ ಬೇಕಿತ್ತು, ಖರೇ. ಆದ್ರ ಕೋರ್ ಶಾಪಿನ್ಯಾಗ ಹನ್ನೊಂದ ಮಂದಿ ಅದೀರಿ. ನಿಮ್ಮ ಮನಿಗೇ ಯಾಕ ಬಂದೆ ಅಂದ್ರ..."

"ಅಂದ್ರ?"

ಸುಪರ್‌ವೈಸರನ ಎದುರು ಅರ್ಧ ತಾಸು ಉಸಿರು ಬಿಡದೆ ಒದರುವ ಬಾಯಿ ಇದು. "ಹೇಳಾಕ ಬರವಲ್ದು."

ಅವಳು ನಕ್ಕಳು. ರಸ್ತೆಯ ಕಡೆ ನೋಡುತ್ತ ಹೇಳಿದಳು: "ಒಲಿ ಮುಂದ ಇದ್ದಾಗ ನಿನ್ನ ಧ್ವನಿ ಕೇಳೇ ಗೊತ್ತಾಗಿತ್ತು, ಖಾನಾಪುರದವ್ರು ಇವ್ರಲ್ಲ ಅಂತ. ಅಪ್ಪಗ ಹೇಳಬೌದಿತ್ತು. ಹೇಳಲಿಲ್ಲ."

'ನಿನ್ನ' ಅಂದಳು. ಠಸ್ಸೆ ಬಿದ್ದ ಕಾಗದ ನನ್ನ ಕೈಯಲ್ಲಿ ಪಟಪಟ ಅಂದಿತು.

"ಯಾಕ ಹೇಳಲಿಲ್ಲ?"

"ಅಪ್ಪ ನಿನಗ ಏನ ಕೇಳತಾನ, ನೀ ಏನ ಹೇಳತಿ, ಕೇಳೂ ಆಸೆ ಇತ್ತು."

"ಅಪ್ಪಾರು ಏನಂದ್ರು?"

"ಹುಡುಗ ಖರೇ ಮಾತಾಡ್ತಾನ, ಸಿಟ್ಟ ಭಾಳ ಅಂದ."

"ನೀ ಏನಂದಿ?"

"ಇರಲಿ, ಬೇಕಾದಷ್ಟ ಮಂದಿ ಮ್ಯಾಲೆ ಸಿಟ್ಟ ಮಾಡಕೊಳ್ಳಲಿ, ಮನಿಗೆ ಬರೂಮುಂದ ತೊಳಕೊಂಡ ಬರಲಿ ಅಂದೆ."

ಉದ್ಯಮಬಾಗದ ಬಸ್ಸು ಬಂತು. ನಾನು ಹತ್ತಲು ಕಾಲೆತ್ತಿದೆ. ಅವಳು ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದಳು.

"ಪಾಳಿ ಮೂರಕ್ಕ ಐತಿ" ಅಂದಳು. "ಇನ್ನ ಎರಡ ತಾಸು."

ಕಂಡಕ್ಟರ್ ನಮ್ಮಿಬ್ಬರನ್ನೂ ಬೈದು ಸೀಟಿ ಊದಿದ. ನಾನು ತಿರುಗಿ ಬೈಯಲಿಲ್ಲ.